ಪ್ಯಾಪ್ ರಿಪೋರ್ಟ್‌ನಲ್ಲಿ ವ್ಯತ್ಯಾಸ ಬಂದರೆ ಮುಂದೇನು: ಮತ್ತೆ ಪ್ಯಾಪ್, ಎಚ್‌ಪಿವಿ ಟೆಸ್ಟ್, ಅಥವಾ ನೇರ ಕಾಲ್ಪೋಸ್ಕೋಪಿ?

ಪ್ಯಾಪ್ ಸ್ಮಿಯರ್ ಎಂದರೆ ಗರ್ಭಕೋಶದ ಬಾಯಿಯ ಜೀವಕೋಶ ತೆಗೆದು, ಅಲ್ಲಿ ಕ್ಯಾನ್ಸರ್ ಕಡೆಗೆ ಹೋಗುವ ಬದಲಾವಣೆ ಇದೆಯಾ ಎಂದು ನೋಡುವ ಪರೀಕ್ಷೆ. ಅದರ ರಿಪೋರ್ಟ್ ಕೈಗೆ ಬಂದಿದೆ, ಅದರಲ್ಲಿ ಏನೋ ವ್ಯತ್ಯಾಸ ಇದೆ. ಒಬ್ಬ ಡಾಕ್ಟರ್ ಆರು ತಿಂಗಳು ಬಿಟ್ಟು ಮತ್ತೆ ಮಾಡಿಸೋಣ ಎನ್ನುತ್ತಾರೆ. ಇನ್ನೊಬ್ಬರು ಎಚ್‌ಪಿವಿ ಡಿಎನ್‌ಎ ಟೆಸ್ಟ್, ಅಂದರೆ ಈ ಕ್ಯಾನ್ಸರ್‌ಗೆ ಕಾರಣವಾಗುವ ವೈರಸ್ ಇದೆಯಾ ಎಂದು ನೋಡುವ ಟೆಸ್ಟ್ ಬರೆದುಕೊಡುತ್ತಾರೆ. ಮೂರನೆಯವರು ಗರ್ಭಕೋಶದ ಬಾಯಿಯನ್ನು ದೊಡ್ಡದಾಗಿ ತೋರಿಸುವ ಯಂತ್ರದಿಂದ ನೋಡುವ ಕಾಲ್ಪೋಸ್ಕೋಪಿ ಮಾಡಿಬಿಡೋಣ ಎನ್ನುತ್ತಾರೆ. ಯಾರನ್ನು ನಂಬುವುದು ಅಂತ ಕೇಳಿ ಬರೆಯುವವರು ತುಂಬಾ ಜನ. ಮೂರೂ ಒಳ್ಳೆಯ ದಾರಿಗಳೇ, ಆದರೆ ಒಬ್ಬರಿಗೆ ಸರಿಯಾದದ್ದು ಇನ್ನೊಬ್ಬರಿಗೆ ದುಡ್ಡು ದಂಡ, ಮತ್ತೊಬ್ಬರಿಗೆ ಅಪಾಯದ ವಿಳಂಬ. ಈ ಗೊಂದಲದಲ್ಲೇ ಕೆಲವರು ಬೇಡದ ಟೆಸ್ಟಿಗೆ ಸಾವಿರಾರು ರೂಪಾಯಿ ಕೊಡುತ್ತಾರೆ, ಇನ್ನು ಕೆಲವರು ರಿಪೋರ್ಟನ್ನು ಬೀರುವಿನಲ್ಲಿಟ್ಟು ಸುಮ್ಮನಾಗಿಬಿಡುತ್ತಾರೆ. ನನಗೆ ಭಯ ಎರಡನೆಯವರ ಬಗ್ಗೆಯೇ ಜಾಸ್ತಿ.

ಯಾವ ಟೆಸ್ಟ್ ಬರೆದುಕೊಟ್ಟರೂ ಡಾಕ್ಟರನ್ನು ಈ ಒಂದು ಪ್ರಶ್ನೆ ಕೇಳಿ: ಇದು ಪಾಸಿಟಿವ್ ಬಂದರೆ ಏನು ಮಾಡುತ್ತೀರಿ, ನೆಗೆಟಿವ್ ಬಂದರೆ ಏನು ಮಾಡುತ್ತೀರಿ? ಎರಡಕ್ಕೂ ಒಂದೇ ಉತ್ತರ ಬಂದರೆ ಆ ಟೆಸ್ಟ್ ನಿಮಗೆ ಬೇಕಿಲ್ಲ. ಕೆಳಗೆ ಬರೆದಿರುವುದೆಲ್ಲ ಹೆಚ್ಚುಕಮ್ಮಿ ಈ ಪ್ರಶ್ನೆಯನ್ನು ಬೇರೆ ಬೇರೆ ರಿಪೋರ್ಟ್‌ಗಳಿಗೆ ಹಚ್ಚಿ ನೋಡಿದ್ದೇ.

ಆಯ್ಕೆ ಮಾಡುವ ಮೊದಲು ನೋಡಬೇಕಾದದ್ದು

ಎಲ್ಲಕ್ಕಿಂತ ಮೊದಲು ಲಕ್ಷಣಗಳು. ಗಂಡನ ಜೊತೆ ಸೇರಿದ ಮೇಲೆ ರಕ್ತ ಹೋಗುವುದು, ಮುಟ್ಟು ನಿಂತು ವರ್ಷವಾದ ಮೇಲೂ ರಕ್ತ ಕಾಣಿಸುವುದು, ಮುಟ್ಟಿನ ನಡುವೆ ರಕ್ತ, ಕೆಟ್ಟ ವಾಸನೆಯ ಅಥವಾ ರಕ್ತ ಬೆರೆತ ಬಿಳಿ ಸೆರಗು, ಇವು ಯಾವುದಾದರೂ ಇದ್ದರೆ ಈ ಹೋಲಿಕೆಯನ್ನೆಲ್ಲ ಬದಿಗಿಡಿ. ಸೀದಾ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಿ. ಗರ್ಭಕೋಶದ ಬಾಯಲ್ಲಿ ಗಡ್ಡೆಯೋ ಹುಣ್ಣೋ ಕಣ್ಣಿಗೆ ಕಂಡರೆ ಚೂರು ತೆಗೆದು ಲ್ಯಾಬ್‌ನಲ್ಲಿ ನೋಡುವ ಬಯಾಪ್ಸಿಯೇ ದಾರಿ. ಆಗ ಪ್ಯಾಪ್ ನಾರ್ಮಲ್ ಬಂದಿದ್ದರೂ, ಎಚ್‌ಪಿವಿ ನೆಗೆಟಿವ್ ಬಂದಿದ್ದರೂ ಅದನ್ನು ನಂಬಿ ಕೂರುವ ಹಾಗಿಲ್ಲ.

ಲಕ್ಷಣ ಇಲ್ಲ, ರಿಪೋರ್ಟ್ ಮಾತ್ರ ಸರಿ ಇಲ್ಲ ಎನ್ನುವವರು ನೋಡಬೇಕಾದ ಮೊದಲ ವಿಷಯ ಆ ರಿಪೋರ್ಟ್‌ನಲ್ಲಿ ಬರೆದಿರುವ ಪದ. ಆಮೇಲೆ ನಿಮ್ಮ ವಯಸ್ಸು. ಆಮೇಲೆ, ನಮ್ಮ ಕಡೆ ಇದು ತುಂಬಾ ದೊಡ್ಡ ಮಾತು, ನೀವು ಮತ್ತೆ ಬರಲು ಆಗುತ್ತದಾ ಎಂಬುದು. ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ಬರಬೇಕು, ಒಂದು ದಿನದ ಕೂಲಿ ಹೋಗುತ್ತದೆ, ಜೊತೆಗೆ ಯಾರಾದರೂ ಬರಬೇಕು, ಮನೆಯಲ್ಲಿ ಹೇಳಿ ಒಪ್ಪಿಸಬೇಕು. ಅಂಥವರಿಗೆ ಆರು ತಿಂಗಳು ಬಿಟ್ಟು ಬನ್ನಿ ಎಂದರೆ ಅನೇಕ ಸಲ ಬರಲೇಬೇಡಿ ಎಂದ ಹಾಗೆ. ಇನ್ನು ದುಡ್ಡು. ಒಂದು ಟೆಸ್ಟಿನ ರೇಟ್ ನೋಡಬೇಡಿ, ಆ ದಾರಿ ಕೊನೆ ಮುಟ್ಟುವವರೆಗಿನ ಪೂರ್ತಿ ಖರ್ಚು ಲೆಕ್ಕ ಹಾಕಿ. ಕಡೆಯದಾಗಿ ನಿಮ್ಮ ಸ್ಯಾಂಪಲ್ ಯಾವ ಥರದ್ದು ಎಂಬುದು, ಅದು ಮುಂದೆ ಬರುತ್ತದೆ.

ರಿಪೋರ್ಟ್‌ನಲ್ಲಿರುವ ಪದ ಯಾವುದು?

ಮೊದಲು ಒಂದು ಸಮಾಧಾನ. ತುಂಬಾ ಜನ ಹೆದರುವುದು "ಇನ್‌ಫ್ಲಮೇಟರಿ ಸ್ಮಿಯರ್" ಎಂಬ ಪದ ನೋಡಿ. ಇದು ಕ್ಯಾನ್ಸರ್‌ನ ಮೊದಲ ಹಂತ ಅಲ್ಲ. ಸೋಂಕು, ಉರಿಯೂತ ಇದೆ ಎಂದಷ್ಟೇ ಅರ್ಥ. ಅದೇ ಸಾಲಿನಲ್ಲಿ ಎನ್‌ಐಎಲ್‌ಎಮ್ ಎಂದಿದ್ದರೆ ಕ್ಯಾನ್ಸರ್ ಕಡೆಗೆ ಹೋಗುವಂಥ ಬದಲಾವಣೆ ಕಂಡಿಲ್ಲ ಎಂದು. ಬಿಳಿ ಸೆರಗು, ತುರಿಕೆ ಇದ್ದರೆ ಅದಕ್ಕೆ ಔಷಧಿ ತೆಗೆದುಕೊಳ್ಳಿ. ಬರೀ ಈ ಪದಕ್ಕಾಗಿ ಎಚ್‌ಪಿವಿ ಟೆಸ್ಟ್ ಮಾಡಿಸಬೇಕಾಗಿಲ್ಲ. ನಿಮ್ಮ ವಯಸ್ಸು 30 ದಾಟಿದ್ದು ಇಲ್ಲಿಯವರೆಗೆ ಒಮ್ಮೆಯೂ ಎಚ್‌ಪಿವಿ ಟೆಸ್ಟ್ ಆಗಿಲ್ಲದಿದ್ದರೆ ಸ್ಕ್ರೀನಿಂಗ್, ಅಂದರೆ ತೊಂದರೆ ಕಾಣದಿದ್ದಾಗಲೇ ಮಾಡುವ ತಪಾಸಣೆ ಅಂತ ಮಾಡಿಸಿಕೊಳ್ಳಬಹುದು, ಅದು ಬೇರೆ ವಿಷಯ.

ನಿಜವಾದ ವ್ಯತ್ಯಾಸದ ಪದಗಳು ಇವು. ಎಎಸ್‌ಸಿ-ಯುಎಸ್, ಡಾಕ್ಟರ್‌ಗಳ ಬಾಯಲ್ಲಿ ಆಸ್ಕಸ್: ಜೀವಕೋಶ ಸ್ವಲ್ಪ ಬೇರೆ ಥರ ಕಾಣುತ್ತಿದೆ, ಖಚಿತವಾಗಿ ಹೇಳಲು ಆಗುತ್ತಿಲ್ಲ ಎಂದು ಲ್ಯಾಬ್‌ನವರು ಹೇಳುತ್ತಿದ್ದಾರೆ. ಎಲ್‌ಎಸ್‌ಐಎಲ್: ಸಣ್ಣ ಮಟ್ಟದ ಬದಲಾವಣೆ, ಹೆಚ್ಚಿನ ಪಾಲು ಎಚ್‌ಪಿವಿ ಸೋಂಕಿನ ಗುರುತು. ಎಎಸ್‌ಸಿ-ಎಚ್: ಖಚಿತ ಇಲ್ಲ, ಆದರೆ ದೊಡ್ಡ ಬದಲಾವಣೆ ಇರಬಹುದೆಂಬ ಅನುಮಾನ. ಎಚ್‌ಎಸ್‌ಐಎಲ್: ದೊಡ್ಡ ಮಟ್ಟದ ಬದಲಾವಣೆ. ಎಜಿಸಿ: ಗ್ರಂಥಿಗಳ ಜೀವಕೋಶದಲ್ಲಿ ವ್ಯತ್ಯಾಸ. ಇದು ಅಪರೂಪ, ಆದರೆ ಹಗುರವಾಗಿ ತೆಗೆದುಕೊಳ್ಳುವಂಥದ್ದಲ್ಲ, ಗರ್ಭಕೋಶದ ಒಳಗಿನ ತೊಂದರೆಯೂ ಇದರಲ್ಲಿ ಕಾಣಿಸಿಕೊಳ್ಳಬಹುದು.

ಇಷ್ಟರಲ್ಲಿ ಎಚ್‌ಪಿವಿ ಟೆಸ್ಟ್ ನಿಜವಾಗಿ ದಾರಿ ತೋರಿಸುವುದು ಮುಖ್ಯವಾಗಿ ಆಸ್ಕಸ್‌ನಲ್ಲಿ. ದೊಡ್ಡ ಬದಲಾವಣೆ ಹೇಳುವ ಪದಗಳಿಗೆ ಹೋದಷ್ಟೂ ಅದರ ಉಪಯೋಗ ಕಡಿಮೆ.

ಆಯ್ಕೆ ಒಂದು: ಕಾದು ಮತ್ತೆ ಪ್ಯಾಪ್

ಖರ್ಚು ಎಲ್ಲಕ್ಕಿಂತ ಕಡಿಮೆ. ಗಾಜಿನ ಸ್ಲೈಡ್ ಮೇಲೆ ಮಾಡುವ ಸಾಮಾನ್ಯ ಪ್ಯಾಪ್ ಖಾಸಗಿಯಲ್ಲೂ ಸಾಮಾನ್ಯವಾಗಿ ನೂರುಗಳ ಲೆಕ್ಕದಲ್ಲಿ ಮುಗಿಯುತ್ತದೆ. ಆಸ್ಕಸ್ ಬಂದವರಲ್ಲಿ ಬಹಳಷ್ಟು ಜನರಿಗೆ ಮುಂದಿನ ಸಲ ನಾರ್ಮಲ್ ಬರುತ್ತದೆ, ಅದೂ ನಿಜ. ಎಚ್‌ಪಿವಿ ಸೋಂಕು ಬಂದವರಲ್ಲೂ ಹೆಚ್ಚಿನವರಿಗೆ ಒಂದೆರಡು ವರ್ಷದಲ್ಲಿ ದೇಹವೇ ಅದನ್ನು ಹೊರಹಾಕುತ್ತದೆ.

ತೊಂದರೆ ಎಂದರೆ ಒಂದು ಪ್ಯಾಪ್ ಸಾಕಾಗುವುದಿಲ್ಲ. ಸ್ಯಾಂಪಲ್ ಸರಿಯಾಗಿ ಬರದಿದ್ದರೆ, ನೋಡುವವರ ಕಣ್ಣಿಗೆ ತಪ್ಪಿದರೆ, ಇದ್ದ ತೊಂದರೆ ಕಾಣದೇ ಹೋಗಬಹುದು. ಅಮೆರಿಕದಲ್ಲಿ ಆಲ್ಟ್ಸ್ ಎಂಬ ದೊಡ್ಡ ಅಧ್ಯಯನ ನಡೆಯಿತು. ಆಸ್ಕಸ್ ಬಂದ 3,488 ಮಹಿಳೆಯರನ್ನು ಮೂರು ಗುಂಪು ಮಾಡಿ, ನಾನು ಇಲ್ಲಿ ಹೋಲಿಸುತ್ತಿರುವ ಇದೇ ಮೂರು ದಾರಿಗಳನ್ನು ಹೋಲಿಸಿದರು. 2001ರಲ್ಲಿ ಬಂದ ಅದರ ಫಲಿತಾಂಶದ ಪ್ರಕಾರ, ಚಿಕಿತ್ಸೆ ಬೇಕೇಬೇಕಾದಂಥ ದೊಡ್ಡ ಬದಲಾವಣೆ, ಅಂದರೆ ಸಿಐಎನ್ 3 ಅಥವಾ ಅದಕ್ಕಿಂತ ಮೇಲಿನದು ಇದ್ದವರಲ್ಲಿ ನೂರಕ್ಕೆ ಸುಮಾರು 96 ಜನರನ್ನು ಒಂದೇ ಎಚ್‌ಪಿವಿ ಟೆಸ್ಟ್ ಹಿಡಿಯಿತು. ಇನ್ನೊಮ್ಮೆ ಪ್ಯಾಪ್ ಮಾಡಿ, ಆಸ್ಕಸ್ ಬಂದರೂ ಸಾಕು ಮುಂದೆ ಕಳಿಸುತ್ತೇವೆ ಎಂದರೆ ಸುಮಾರು 85 ಜನ ಮಾತ್ರ ಸಿಕ್ಕರು. ಎರಡರಲ್ಲೂ ಕಾಲ್ಪೋಸ್ಕೋಪಿಗೆ ಹೋಗಬೇಕಾದವರ ಸಂಖ್ಯೆ ಹತ್ತಿರ ಹತ್ತಿರ ಒಂದೇ, ನೂರಕ್ಕೆ 56ರಿಂದ 59. ಅಂದರೆ ಕಾಯುವುದರಿಂದ ಕಾಲ್ಪೋಸ್ಕೋಪಿಯೇನೂ ದೊಡ್ಡದಾಗಿ ಉಳಿಯುವುದಿಲ್ಲ, ಕೆಲವರು ಮಾತ್ರ ತಪ್ಪಿಹೋಗುತ್ತಾರೆ.

ಹಾಗಾದರೆ ಈ ದಾರಿ ಯಾರಿಗೆ? 25 ವರ್ಷದೊಳಗಿನವರಿಗೆ ಇದೇ ಒಳ್ಳೆಯದು. ಆ ವಯಸ್ಸಿನಲ್ಲಿ ಎಚ್‌ಪಿವಿ ತುಂಬಾ ಸಾಮಾನ್ಯ, ಕ್ಯಾನ್ಸರ್ ತುಂಬಾ ಅಪರೂಪ. ಟೆಸ್ಟ್ ಮಾಡಿಸಿದರೆ ಪಾಸಿಟಿವ್ ಬರುವ ಸಾಧ್ಯತೆಯೇ ಜಾಸ್ತಿ, ಬಂದು ಸುಮ್ನೆ ನಿದ್ದೆಗೆಡಿಸುತ್ತದೆ. ಆಸ್ಕಸ್ ಆಗಲಿ ಎಲ್‌ಎಸ್‌ಐಎಲ್ ಆಗಲಿ, ಒಂದು ವರ್ಷ ಬಿಟ್ಟು ಪ್ಯಾಪ್ ಮಾಡಿಸಿದರೆ ಸಾಕು. ಮದುವೆಯಾಗಿ ಒಂದೆರಡು ವರ್ಷ ಆಗಿರುವ, ಮಕ್ಕಳಾಗಬೇಕಿರುವ ಹುಡುಗಿಯರಿಗೆ ಇದನ್ನು ಒತ್ತಿ ಹೇಳಬೇಕು. ಆ ವಯಸ್ಸಿನಲ್ಲಿ ಅವಸರಕ್ಕೆ ಬಿದ್ದು, ಬದಲಾವಣೆ ಇರುವ ಭಾಗವನ್ನು ಕರೆಂಟಿನ ತಂತಿಯಿಂದ ಕತ್ತರಿಸಿ ತೆಗೆಯುವ ಲೀಪ್‌ನಂಥ ಚಿಕಿತ್ಸೆ ಮಾಡಿದರೆ ಮುಂದೆ ಗರ್ಭಿಣಿಯಾದಾಗ ದಿನ ತುಂಬುವ ಮೊದಲೇ ಹೆರಿಗೆ ಆಗುವ ಅಪಾಯ ಸ್ವಲ್ಪ ಹೆಚ್ಚುತ್ತದೆ. 25 ದಾಟಿದ್ದು ಆಸ್ಕಸ್ ಬಂದವರಲ್ಲಿ, ಎಚ್‌ಪಿವಿ ಟೆಸ್ಟಿಗೆ ಈಗ ದುಡ್ಡಿಲ್ಲ, ಆದರೆ ಒಂದು ವರ್ಷದೊಳಗೆ ಖಂಡಿತ ಬಂದೇ ಬರುತ್ತೇನೆ ಎನ್ನುವವರಿಗೂ ಇದು ನಡೆಯುತ್ತದೆ. ಆ "ಖಂಡಿತ" ಎಂಬ ಪದದ ಮೇಲೆ ನಿಮಗೇ ಅನುಮಾನ ಇದ್ದರೆ ಈ ದಾರಿ ಬೇಡ.

ಆಯ್ಕೆ ಎರಡು: ಎಚ್‌ಪಿವಿ ಟೆಸ್ಟ್

ಇದು ರಕ್ತ ಪರೀಕ್ಷೆ ಅಲ್ಲ. ಪ್ಯಾಪ್‌ಗೆ ತೆಗೆದ ಹಾಗೆಯೇ ಗರ್ಭಕೋಶದ ಬಾಯಿಯಿಂದ ಬ್ರಷ್‌ನಲ್ಲಿ ಸ್ಯಾಂಪಲ್ ತೆಗೆದು, ಅದರಲ್ಲಿ ಅಪಾಯದ ಟೈಪ್‌ಗಳ ವೈರಸ್ ಇದೆಯಾ ಎಂದು ನೋಡುತ್ತಾರೆ. ಎಚ್‌ಪಿವಿಯಲ್ಲಿ 200ಕ್ಕೂ ಹೆಚ್ಚು ಟೈಪ್ ಇವೆ, ಕ್ಯಾನ್ಸರ್‌ಗೆ ಸಂಬಂಧಿಸಿದವು 14ರಷ್ಟು. ಅದರಲ್ಲೂ 16 ಮತ್ತು 18 ಸೇರಿ ಪ್ರಪಂಚದಲ್ಲಿ ನೂರಕ್ಕೆ ಸುಮಾರು 70 ಗರ್ಭಕೋಶದ ಬಾಯಿಯ ಕ್ಯಾನ್ಸರ್‌ಗೆ ಕಾರಣ. ಈ ನಂಟನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಸುರ್ ಹೌಸನ್ ಅವರಿಗೆ 2008ರಲ್ಲಿ ನೊಬೆಲ್ ಬಂತು.

ಇದರ ದೊಡ್ಡ ಬಲ ನೆಗೆಟಿವ್ ಉತ್ತರ. ಆಸ್ಕಸ್ ಬಂದು ಎಚ್‌ಪಿವಿ ನೆಗೆಟಿವ್ ಆದರೆ ಕಾಲ್ಪೋಸ್ಕೋಪಿ ಬೇಡ, ಆರಾರು ತಿಂಗಳಿಗೆ ಓಡಾಟ ಬೇಡ, ಮೂರು ವರ್ಷ ಬಿಟ್ಟು ಬಂದರೆ ಸಾಕು ಎನ್ನುತ್ತದೆ ಅಮೆರಿಕದ 2019ರ ಮಾರ್ಗಸೂಚಿ. ಆಸ್ಕಸ್ ಬಂದವರಲ್ಲಿ ಹೆಚ್ಚುಕಮ್ಮಿ ಅರ್ಧ ಜನರಿಗೆ ಈ ಬಿಡುಗಡೆ ಸಿಗುತ್ತದೆ. ನೆಗೆಟಿವ್ ಎಷ್ಟು ಗಟ್ಟಿ ಎಂಬುದಕ್ಕೆ ನಮ್ಮ ಪಕ್ಕದಲ್ಲೇ ಸಾಕ್ಷಿ ಇದೆ. ಬೀದರ್, ಕಲಬುರಗಿಗೆ ತಾಗಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಈಗ ಅದು ಧಾರಾಶಿವ್, 30ರಿಂದ 59 ವಯಸ್ಸಿನ 1,31,746 ಹಳ್ಳಿ ಮಹಿಳೆಯರನ್ನು ಸೇರಿಸಿ ನಡೆಸಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಅದು ರಿಪೋರ್ಟ್ ಕೆಟ್ಟವರ ಅಧ್ಯಯನ ಅಲ್ಲ, ಸಾಮಾನ್ಯ ಸ್ಕ್ರೀನಿಂಗ್. ಆದರೂ ಅಲ್ಲಿ ಕಂಡದ್ದು ಮುಖ್ಯ: ಎಚ್‌ಪಿವಿ ನೆಗೆಟಿವ್ ಬಂದವರಲ್ಲಿ ಮುಂದಿನ ವರ್ಷಗಳಲ್ಲಿ ಕ್ಯಾನ್ಸರ್ ಬಂದ ಪ್ರಮಾಣ ಪ್ಯಾಪ್ ನೆಗೆಟಿವ್ ಬಂದವರ ಸುಮಾರು ಕಾಲು ಭಾಗ. ಒಂದೇ ಒಂದು ಸಲ ಎಚ್‌ಪಿವಿ ಟೆಸ್ಟ್ ಮಾಡಿ, ಪಾಸಿಟಿವ್ ಬಂದವರನ್ನು ನೋಡಿಕೊಂಡ ಗುಂಪಿನಲ್ಲಿ ಈ ಕ್ಯಾನ್ಸರ್‌ನಿಂದ ಸಾವು ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು.

ಪಾಸಿಟಿವ್ ಉತ್ತರ ಅಷ್ಟು ಗಟ್ಟಿ ಅಲ್ಲ. ಪಾಸಿಟಿವ್ ಎಂದರೆ ವೈರಸ್ ಇದೆ ಎಂದು, ಕ್ಯಾನ್ಸರ್ ಇದೆ ಎಂದಲ್ಲ. ಆಸ್ಕಸ್ ಜೊತೆ ಪಾಸಿಟಿವ್ ಬಂದ ನೂರು ಜನರಲ್ಲಿ ಆ ಹೊತ್ತಿಗೆ ಸಿಐಎನ್ 3 ಅಥವಾ ಮೇಲಿನದು ಇರುವುದು ನಾಲ್ಕೈದು ಜನರಿಗೆ. ಆ ನಾಲ್ಕೈದು ಜನರನ್ನು ಹುಡುಕುವುದಕ್ಕೇ ಎಲ್ಲರಿಗೂ ಕಾಲ್ಪೋಸ್ಕೋಪಿ ಮಾಡುವುದು.

ಖರ್ಚು ಸಾವಿರಗಳ ಲೆಕ್ಕದಲ್ಲಿ, ಊರಿಂದ ಊರಿಗೆ, ಲ್ಯಾಬ್‌ನಿಂದ ಲ್ಯಾಬ್‌ಗೆ ತುಂಬಾ ವ್ಯತ್ಯಾಸ. ಇಲ್ಲೇ ಸ್ಯಾಂಪಲ್ ವಿಷಯ ಬರುವುದು. ನಿಮ್ಮ ಪ್ಯಾಪ್ ಎಲ್‌ಬಿಸಿ ಆಗಿದ್ದರೆ, ಅಂದರೆ ಸ್ಯಾಂಪಲ್ಲನ್ನು ದ್ರವ ಇರುವ ಸಣ್ಣ ಬಾಟಲಿಗೆ ಹಾಕಿದ್ದರೆ, ಅದೇ ಬಾಟಲಿಯಿಂದ ಎಚ್‌ಪಿವಿ ಟೆಸ್ಟನ್ನೂ ಮಾಡಬಹುದು. ಮತ್ತೆ ಆಸ್ಪತ್ರೆಗೆ ಹೋಗಬೇಕಾಗಿಲ್ಲ. ಲ್ಯಾಬ್‌ಗೆ ಬೇಗ ಫೋನ್ ಮಾಡಿ, ಬಾಟಲಿಯಲ್ಲಿ ಇನ್ನೂ ಉಳಿದಿದೆಯಾ, ರಿಫ್ಲೆಕ್ಸ್ ಎಚ್‌ಪಿವಿ ಸೇರಿಸಬಹುದಾ ಎಂದು ಕೇಳಿ. ಗಾಜಿನ ಸ್ಲೈಡ್ ಮೇಲೆ ಸವರಿದ ಪ್ಯಾಪ್ ಆಗಿದ್ದರೆ ಹೊಸ ಸ್ಯಾಂಪಲ್ ಬೇಕು, ಅಂದರೆ ಮತ್ತೊಂದು ದಿನ, ಮತ್ತೊಂದು ಫೀಸು. ಇನ್ನು ಪ್ಯಾಪ್ ಮಾಡಿಸದೇ ಇರುವವರು ಇದನ್ನು ಓದುತ್ತಿದ್ದರೆ, ಸ್ವಲ್ಪ ಜಾಸ್ತಿ ಕೊಟ್ಟು ಎಲ್‌ಬಿಸಿ ಮಾಡಿಸಿಕೊಂಡರೆ ಈ ಓಡಾಟ ಉಳಿಯುತ್ತದೆ ಎಂಬುದು ನೆನಪಿರಲಿ.

ಎಲ್‌ಎಸ್‌ಐಎಲ್ ಬಂದವರ ಲೆಕ್ಕ ಬೇರೆ. ಅದೇ ಆಲ್ಟ್ಸ್ ಅಧ್ಯಯನದಲ್ಲಿ ಎಲ್‌ಎಸ್‌ಐಎಲ್ ಬಂದವರಿಗೂ ಎಚ್‌ಪಿವಿ ಟೆಸ್ಟ್ ಮಾಡಿ ನೋಡಿದರು. ನೂರಕ್ಕೆ ಸುಮಾರು 83 ಜನರಿಗೆ ಪಾಸಿಟಿವ್ ಬಂತು, ಹಾಗಾಗಿ ಆ ಗುಂಪನ್ನು ನಡುವೆಯೇ ನಿಲ್ಲಿಸಿದರು. ಅಷ್ಟು ಜನರಿಗೆ ಪಾಸಿಟಿವ್ ಬರುವುದಾದರೆ ಟೆಸ್ಟ್ ಯಾರನ್ನು ಬೇರ್ಪಡಿಸಿ ತೋರಿಸಿದ ಹಾಗಾಯಿತು? ಆ ದುಡ್ಡನ್ನು ಕಾಲ್ಪೋಸ್ಕೋಪಿಗೇ ಇಟ್ಟುಕೊಳ್ಳುವುದು ಮೇಲು. ಮುಟ್ಟು ನಿಂತವರಲ್ಲಿ ಮಾತ್ರ ಸ್ವಲ್ಪ ಬೇರೆ. ಆ ವಯಸ್ಸಿನಲ್ಲಿ ಹಾರ್ಮೋನ್ ಕಡಿಮೆಯಾಗಿ ಒಣಗಿದ ಜೀವಕೋಶಗಳೇ ಆಸ್ಕಸ್, ಎಲ್‌ಎಸ್‌ಐಎಲ್ ಥರ ಕಾಣಬಹುದು, ಕಾಲ್ಪೋಸ್ಕೋಪಿಯಲ್ಲೂ ನೋಡಬೇಕಾದ ಜಾಗ ಒಳಕ್ಕೆ ಸರಿದು ಸರಿಯಾಗಿ ಕಾಣದೇ ಹೋಗಬಹುದು. ಅವರಿಗೆ ಎಚ್‌ಪಿವಿ ಟೆಸ್ಟ್ ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ.

ಆಯ್ಕೆ ಮೂರು: ನೇರ ಕಾಲ್ಪೋಸ್ಕೋಪಿ

ಹೆಸರು ಕೇಳಿಯೇ ಹೆದರುವವರು ತುಂಬಾ ಜನ. ಯಂತ್ರ ಹೊರಗೇ ಇರುತ್ತದೆ, ಒಳಗೆ ಹೋಗುವುದು ಪ್ಯಾಪ್‌ಗೆ ಹಾಕುವ ಸ್ಪೆಕ್ಯುಲಮ್ ಮಾತ್ರ. ಗರ್ಭಕೋಶದ ಬಾಯಿಗೆ 3ರಿಂದ 5 ಪರ್ಸೆಂಟಿನ ಅಸಿಟಿಕ್ ಆಸಿಡ್ ಹಚ್ಚುತ್ತಾರೆ, ಸ್ವಲ್ಪ ಉರಿದ ಹಾಗೆ ಆಗಬಹುದು. ವ್ಯತ್ಯಾಸ ಇರುವ ಜಾಗ ಬೆಳ್ಳಗೆ ಕಾಣುತ್ತದೆ. ಅಯೋಡಿನ್ ಹಚ್ಚಿಯೂ ನೋಡುತ್ತಾರೆ. ಅನುಮಾನ ಬಂದ ಜಾಗದಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಬಯಾಪ್ಸಿ ಹೊತ್ತಿಗೆ ಚುಳ್ ಎನ್ನುತ್ತದೆ, ಒಂದೆರಡು ದಿನ ಸ್ವಲ್ಪ ರಕ್ತ ಕಾಣಬಹುದು. ಅಡ್ಮಿಟ್ ಆಗಬೇಕಾಗಿಲ್ಲ.

ಇದರ ಬಲ ಎಂದರೆ ಇಲ್ಲಿ ಖಚಿತ ಉತ್ತರ ಸಿಗುತ್ತದೆ. ಪ್ಯಾಪ್, ಎಚ್‌ಪಿವಿ ಎರಡೂ ಅನುಮಾನವನ್ನಷ್ಟೇ ಹೇಳುತ್ತವೆ, ಏನಿದೆ ಎಂದು ಹೇಳುವುದು ಬಯಾಪ್ಸಿ. ಕೊರತೆ ಎಂದರೆ ನೋಡುವವರ ಕೈಚಳಕದ ಮೇಲೆ ತುಂಬಾ ನಿಂತಿದೆ. ಒಂದೇ ಕಡೆ ಚೂರು ತೆಗೆಯುವುದಕ್ಕಿಂತ ಬೆಳ್ಳಗಾದ ಜಾಗಗಳಿಂದ ಎರಡು ಮೂರು ಕಡೆ ತೆಗೆದರೆ ತಪ್ಪಿಹೋಗುವುದು ಕಡಿಮೆ. ಎಲ್ಲ ಊರಲ್ಲೂ ಈ ಸೌಲಭ್ಯ ಇಲ್ಲ. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ವಿಚಾರಿಸಿ. ಬೆಂಗಳೂರಲ್ಲಿ ಕಿದ್ವಾಯಿ ಇದೆ, ವಾಣಿವಿಲಾಸ ಇದೆ. ಖಾಸಗಿಯಲ್ಲಿ ಕಾಲ್ಪೋಸ್ಕೋಪಿ ಫೀಸಿನ ಜೊತೆ ಬಯಾಪ್ಸಿಗೆ, ಅದರ ಲ್ಯಾಬ್ ರಿಪೋರ್ಟ್‌ಗೆ ಬೇರೆ ಬಿಲ್ ಆಗುತ್ತದೆ, ಮೊದಲೇ ಎಲ್ಲ ಸೇರಿಸಿ ಎಷ್ಟು ಎಂದು ಕೇಳಿಕೊಳ್ಳಿ.

ಎಚ್‌ಎಸ್‌ಐಎಲ್, ಎಎಸ್‌ಸಿ-ಎಚ್, ಎಜಿಸಿ ಬಂದವರಿಗೆ ಇದೊಂದೇ ದಾರಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು. ಇವರಿಗೆ ಎಚ್‌ಪಿವಿ ನೆಗೆಟಿವ್ ಬಂದರೂ ಕಾಲ್ಪೋಸ್ಕೋಪಿ ತಪ್ಪುವುದಿಲ್ಲ, ಹಾಗಾಗಿ ಅದೊಂದು ರಿಪೋರ್ಟ್‌ಗೋಸ್ಕರ ವಾರಗಟ್ಟಲೆ ಕಾಯುವುದರಲ್ಲಿ ಅರ್ಥವಿಲ್ಲ. ನೆಗೆಟಿವ್ ಬಂತಲ್ಲ ಎಂದು ಸಮಾಧಾನ ಪಟ್ಟು ಮನೆಯಲ್ಲಿ ಕೂತರಂತೂ ದೊಡ್ಡ ಅಪಾಯ. ಎಜಿಸಿಯಲ್ಲಿ ಗರ್ಭಕೋಶದ ಬಾಯಿಯ ಒಳಗಿನ ಕಾಲುವೆಯ ಸ್ಯಾಂಪಲ್ಲೂ ಬೇಕು, 35 ದಾಟಿದವರಿಗೆ ಗರ್ಭಕೋಶದ ಒಳಪದರದ ಸ್ಯಾಂಪಲ್ಲೂ ಬೇಕು. ಸುಮ್ಮನೆ ಬಿಟ್ಟರೆ ಏನಾಗುತ್ತದೆ ಎಂಬುದು ನ್ಯೂಜಿಲೆಂಡ್‌ನ ಆಕ್ಲೆಂಡ್‌ನಲ್ಲಿ ಹೆಂಗಸರ ಜೀವ ತೆತ್ತು ಗೊತ್ತಾಯಿತು. 1960, 70ರ ದಶಕಗಳಲ್ಲಿ ಅಲ್ಲಿನ ಆಸ್ಪತ್ರೆಯೊಂದರಲ್ಲಿ ಸಿಐಎನ್ 3 ಇದ್ದ ಕೆಲವರಿಗೆ ಸರಿಯಾದ ಚಿಕಿತ್ಸೆ ಕೊಡದೆ ಬಿಟ್ಟಿದ್ದರು. ಅವರಲ್ಲಿ 30 ವರ್ಷದೊಳಗೆ ನೂರಕ್ಕೆ 31 ಜನರಿಗೆ ಕ್ಯಾನ್ಸರ್ ಆಯಿತು. ಸರಿಯಾದ ಚಿಕಿತ್ಸೆ ಸಿಕ್ಕವರಲ್ಲಿ ಅದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ.

25 ದಾಟಿದ್ದು ಎಲ್‌ಎಸ್‌ಐಎಲ್ ಬಂದವರಿಗೂ ನಾನು ಇದನ್ನೇ ಹೇಳುವುದು. ಆಸ್ಕಸ್ ಬಂದು, ದೂರದಿಂದ ಬರುವವರು, ಮತ್ತೆ ಬರಲು ಆಗದವರು, ಅವತ್ತೇ ಕಾಲ್ಪೋಸ್ಕೋಪಿ ಮಾಡುವ ಆಸ್ಪತ್ರೆಯಲ್ಲಿ ಇದ್ದರೆ ಅಲ್ಲೇ ಮುಗಿಸಿಕೊಳ್ಳುವುದು ವಾಸಿ. ಲೆಕ್ಕದಲ್ಲಿ ಅದು ಸ್ವಲ್ಪ ಹೆಚ್ಚಿನ ಪರೀಕ್ಷೆ ಅನ್ನಿಸಬಹುದು, ಆದರೆ ಬಸ್ ಚಾರ್ಜು, ರಜೆ, ಮನೆಯವರ ಒಪ್ಪಿಗೆ ಎಲ್ಲ ಸೇರಿಸಿದರೆ ಅದೇ ಅಗ್ಗ.

ಆಶಾ ಕಾರ್ಯಕರ್ತೆ ಹೇಳುವ ವಿಐಎ?

ಸರ್ಕಾರಿ ಕಾರ್ಯಕ್ರಮದಲ್ಲಿ 30ರಿಂದ 65ರವರೆಗಿನ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಮಾಡುವ ಪರೀಕ್ಷೆ ಇದು. ಅದೇ ಅಸಿಟಿಕ್ ಆಸಿಡ್ ಹಚ್ಚಿ ಬರಿಗಣ್ಣಲ್ಲಿ ನೋಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಯಾವತ್ತೂ ಯಾವ ಪರೀಕ್ಷೆಯೂ ಆಗಿಲ್ಲದವರು ಖಂಡಿತ ಮಾಡಿಸಿಕೊಳ್ಳಬೇಕು. ಮುಂಬೈನ ಕೊಳೆಗೇರಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರೇ ಎರಡು ವರ್ಷಕ್ಕೊಮ್ಮೆ ಇದನ್ನು ಮಾಡಿ, ಸಾವಿನ ಪ್ರಮಾಣ ನೂರಕ್ಕೆ 31ರಷ್ಟು ಇಳಿದದ್ದನ್ನು ತೋರಿಸಿದ್ದಾರೆ. ಆದರೆ ಈಗಾಗಲೇ ಪ್ಯಾಪ್‌ನಲ್ಲಿ ವ್ಯತ್ಯಾಸ ಬಂದವರು, ವಿಐಎ ನೆಗೆಟಿವ್ ಬಂತು ಎಂದು ಅದನ್ನೇ ಕೊನೆಯ ಮಾತು ಮಾಡಿಕೊಳ್ಳಬೇಡಿ. ವಿಐಎ ಪಾಸಿಟಿವ್ ಬಂದವರಿಗೆ ಮಾತ್ರ, ಮುಂದೆ ಕಾಲ್ಪೋಸ್ಕೋಪಿ ಸಿಗುವುದು ಕಷ್ಟ ಇರುವ ಕಡೆ, ಎಚ್‌ಪಿವಿ ಟೆಸ್ಟ್ ಮಾಡಿಸಿ ನೆಗೆಟಿವ್ ಬಂದರೆ ಸ್ವಲ್ಪ ಉಸಿರಾಡಬಹುದು.

ಹೊರದೇಶದಲ್ಲಿರುವ ಮಗಳೋ ಸೊಸೆಯೋ, ಇಲ್ಲಿ ಪ್ಯಾಪ್ ಮಾಡುವುದೇ ಇಲ್ಲ, ಸೀದಾ ಎಚ್‌ಪಿವಿ ಮಾಡುತ್ತಾರೆ ಎಂದು ಫೋನಲ್ಲಿ ಹೇಳಿದ್ದರೆ, ಅದು ನಿಜ. ಆಸ್ಟ್ರೇಲಿಯಾ 2017ರ ಡಿಸೆಂಬರ್‌ನಿಂದ ಹಾಗೆ ಬದಲಾಯಿಸಿಕೊಂಡಿದೆ, ಬ್ರಿಟನ್ನಿನಲ್ಲೂ ಮೊದಲು ಎಚ್‌ಪಿವಿ ನೋಡಿ, ಪಾಸಿಟಿವ್ ಬಂದರೆ ಮಾತ್ರ ಜೀವಕೋಶ ನೋಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯೂ 2021ರಿಂದ ಸ್ಕ್ರೀನಿಂಗ್‌ಗೆ ಎಚ್‌ಪಿವಿಯನ್ನೇ ಮುಂದಿಟ್ಟಿದೆ. ಅದು ಇನ್ನೂ ಏನೂ ತೊಂದರೆ ಕಾಣದವರಿಗೆ ಹೇಳಿದ ಮಾತು. ನಿಮ್ಮ ಕೈಯಲ್ಲಿ ಎಚ್‌ಎಸ್‌ಐಎಲ್ ರಿಪೋರ್ಟ್ ಇದ್ದರೆ ಆ ಸಲಹೆ ನಿಮಗೆ ಹೊಂದುವುದಿಲ್ಲ.

ಎಚ್‌ಪಿವಿ ಟೆಸ್ಟೇ ಆಯ್ಕೆ ಮಾಡಿದರೆ ಯಾವುದು?

ಲ್ಯಾಬ್‌ನವರನ್ನು ಕೇಳಬೇಕಾದದ್ದು ಎರಡು. ಅಪಾಯದ ಟೈಪ್‌ಗಳಲ್ಲಿ ಎಷ್ಟನ್ನು ನೋಡುತ್ತದೆ, ಮತ್ತು 16, 18ನ್ನು ಬೇರೆಯಾಗಿ ತಿಳಿಸುತ್ತದಾ. ಹೈಬ್ರಿಡ್ ಕ್ಯಾಪ್ಚರ್ 2 ಎಂಬ ಹಳೆಯ, ಚೆನ್ನಾಗಿ ಪರೀಕ್ಷೆಗೊಳಗಾದ ಟೆಸ್ಟ್ 13 ಟೈಪ್ ನೋಡುತ್ತದೆ, ಆದರೆ ಇದೆ ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ. ಕೋಬಾಸ್ 14 ಟೈಪ್ ನೋಡಿ 16 ಮತ್ತು 18ನ್ನು ಬೇರೆಯಾಗಿ ಹೇಳುತ್ತದೆ. ಎಕ್ಸ್‌ಪರ್ಟ್ ಕೂಡ 14 ನೋಡುತ್ತದೆ, 16ನ್ನು ಬೇರೆಯಾಗಿ, 18 ಮತ್ತು 45ನ್ನು ಸೇರಿಸಿ ಹೇಳುತ್ತದೆ, ಯಂತ್ರಕ್ಕೆ ಹಾಕಿದರೆ ಸುಮಾರು ಒಂದು ಗಂಟೆಯ ಕೆಲಸ. ಆಸ್ಕಸ್ ಬಂದವರಿಗೆ ಯಾವ ಅಪಾಯದ ಟೈಪ್ ಪಾಸಿಟಿವ್ ಬಂದರೂ ಮುಂದೆ ಕಾಲ್ಪೋಸ್ಕೋಪಿಯೇ, ಹಾಗಾಗಿ ಟೈಪ್ ಬಿಡಿಸಿ ಹೇಳುವುದಕ್ಕೆ ತುಂಬಾ ಜಾಸ್ತಿ ದುಡ್ಡು ಕೇಳಿದರೆ ಬಿಡಬಹುದು. ಪ್ಯಾಪ್ ನಾರ್ಮಲ್ ಇದ್ದು ಎಚ್‌ಪಿವಿ ಮಾತ್ರ ಪಾಸಿಟಿವ್ ಬಂದವರಿಗೆ ಅದು ಬೇಕೇಬೇಕು. 16 ಅಥವಾ 18 ಆದರೆ ಕಾಲ್ಪೋಸ್ಕೋಪಿ, ಬೇರೆ ಟೈಪ್ ಆದರೆ ಒಂದು ವರ್ಷ ಬಿಟ್ಟು ಮತ್ತೆ ಟೆಸ್ಟ್.

6, 11ರಂಥ ಅಪಾಯ ಕಡಿಮೆಯ ಟೈಪ್‌ಗಳನ್ನೂ ಸೇರಿಸಿ ದೊಡ್ಡ ಪ್ಯಾನೆಲ್ ಎಂದು ಮಾರುವುದೂ ಇದೆ. ಅವು ನರುಳ್ಳೆ ತರುತ್ತವೆ, ಈ ಕ್ಯಾನ್ಸರ್ ತರುವುದಿಲ್ಲ. ಅದಕ್ಕೆ ದುಡ್ಡು ಕೊಡಬೇಡಿ. ಮನೆಯಲ್ಲೇ ಸ್ವಂತವಾಗಿ ಸ್ಯಾಂಪಲ್ ತೆಗೆದುಕೊಳ್ಳುವ ಕಿಟ್‌ಗಳು ಸ್ಕ್ರೀನಿಂಗ್‌ಗೆ ಒಳ್ಳೆಯವು, ಪರೀಕ್ಷೆಗೇ ಹೋಗದವರಿಗೆ ವರದಾನ. ಆದರೆ ರಿಪೋರ್ಟ್‌ನಲ್ಲಿ ವ್ಯತ್ಯಾಸ ಬಂದ ಮೇಲೆ, ಚಿಕಿತ್ಸೆ ಆದ ಮೇಲೆ, ಡಾಕ್ಟರೋ ನರ್ಸೋ ಗರ್ಭಕೋಶದ ಬಾಯಿಯಿಂದಲೇ ತೆಗೆದ ಸ್ಯಾಂಪಲ್ ಮೇಲು. ಕಿಟ್‌ನ ಸ್ಯಾಂಪಲ್‌ನಲ್ಲಿ ಪ್ಯಾಪ್ ನೋಡಲು ಬರುವುದಿಲ್ಲ.

ಗರ್ಭಿಣಿಯರು, ಎಚ್‌ಐವಿ ಇರುವವರು

ಗರ್ಭಿಣಿಗೆ ಕಾಲ್ಪೋಸ್ಕೋಪಿ ಮಾಡಬಹುದು, ಮಗುವಿಗೆ ತೊಂದರೆ ಇಲ್ಲ. ಆಸ್ಕಸ್, ಎಲ್‌ಎಸ್‌ಐಎಲ್ ಆದರೆ ಹೆರಿಗೆ ಆದ ಮೇಲೆ ನೋಡೋಣ ಎಂದು ಮುಂದೂಡುವುದೂ ಸರಿಯೇ. ಎಚ್‌ಎಸ್‌ಐಎಲ್ ಆದರೆ ಮುಂದೂಡಬೇಡಿ. ಕ್ಯಾನ್ಸರ್ ಅನುಮಾನ ಇಲ್ಲದಿದ್ದರೆ ಚಿಕಿತ್ಸೆಯನ್ನು ಹೆರಿಗೆಯ ನಂತರಕ್ಕೆ ಇಡುತ್ತಾರೆ. ಎಚ್‌ಐವಿ ಇರುವವರಲ್ಲಿ ಬದಲಾವಣೆ ಬೇಗ ಮುಂದುವರಿಯಬಹುದು, ಹಾಗಾಗಿ ಕಾಯುವ ದಾರಿಯ ಕಡೆ ವಾಲಬೇಡಿ.

ಪಾಸಿಟಿವ್ ಬಂದ ಮೇಲೆ ಮನೆಯಲ್ಲಿ ಏಳುವ ಮಾತು

ಎಚ್‌ಪಿವಿ ಲೈಂಗಿಕ ಸಂಪರ್ಕದಿಂದ ಬರುತ್ತದೆ ಎಂದು ಓದಿದ ಕೂಡಲೇ ಗಂಡ ಹೆಂಡತಿ ನಡುವೆ ಅನುಮಾನ ಶುರುವಾಗುತ್ತದೆ. ಕೆಲವರು ಈ ಭಯಕ್ಕೇ ಟೆಸ್ಟ್ ಬೇಡ ಎನ್ನುತ್ತಾರೆ. ದಯವಿಟ್ಟು ತಿಳಿದುಕೊಳ್ಳಿ: ಲೈಂಗಿಕ ಜೀವನ ಇರುವ ಹೆಚ್ಚಿನ ಗಂಡಸರಿಗೂ ಹೆಂಗಸರಿಗೂ ಬದುಕಿನಲ್ಲಿ ಒಮ್ಮೆಯಾದರೂ ಇದು ಬಂದುಹೋಗುತ್ತದೆ. ಎಷ್ಟೋ ವರ್ಷ ಹಿಂದೆ ಬಂದು ಅಡಗಿದ್ದದ್ದು ಈಗ ಕಾಣಿಸಬಹುದು. ಯಾವಾಗ ಬಂತು, ಯಾರಿಂದ ಬಂತು ಎಂದು ಯಾವ ಟೆಸ್ಟೂ ಹೇಳುವುದಿಲ್ಲ. ಪಾಸಿಟಿವ್ ರಿಪೋರ್ಟ್ ಯಾರ ನಡತೆಗೂ ಸಾಕ್ಷಿ ಅಲ್ಲ. ಗಂಡನಿಗೂ ಟೆಸ್ಟ್ ಮಾಡಿಸೋಣ ಎಂದರೆ, ಗಂಡಸರಿಗೆ ಇದಕ್ಕೆಂದು ಒಪ್ಪಿತ ಟೆಸ್ಟ್ ಇಲ್ಲ. ವೈರಸ್ಸನ್ನು ಕೊಲ್ಲುವ ಮಾತ್ರೆಯೂ ಇಲ್ಲ. ಚಿಕಿತ್ಸೆ ಕೊಡುವುದು ಬಯಾಪ್ಸಿಯಲ್ಲಿ ಕಂಡ ಬದಲಾವಣೆಗೆ. ಲಸಿಕೆ ಮುಂದಿನ ಸೋಂಕನ್ನು ತಡೆಯುತ್ತದೆ, ಈಗಾಗಲೇ ಇರುವುದನ್ನು ಓಡಿಸುವುದಿಲ್ಲ.

ಚಿಕಿತ್ಸೆ ಆದವರಿಗೆ ಎಚ್‌ಪಿವಿ ಟೆಸ್ಟ್

ಲೀಪ್, ಕೋನ್ ಬಯಾಪ್ಸಿ (ಶಂಕುವಿನಾಕಾರದ ಚೂರು ಕತ್ತರಿಸಿ ತೆಗೆಯುವುದು) ಅಥವಾ ಕ್ರಯೋ (ತಂಪಿನಿಂದ ಹೆಪ್ಪುಗಟ್ಟಿಸಿ ನಾಶ ಮಾಡುವುದು) ಮಾಡಿಸಿಕೊಂಡವರು ಈ ಟೆಸ್ಟಿಗೆ ದುಡ್ಡು ಎತ್ತಿಡಿ. ಬದಲಾವಣೆ ಪೂರ್ತಿ ಹೋಗಿದೆಯಾ ಎಂದು ತಿಳಿಯಲು ಬರೀ ಪ್ಯಾಪ್‌ಗಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಚಿಕಿತ್ಸೆಯಾದ ಆರು ತಿಂಗಳಿಗೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಮಾಡಿಸುತ್ತಾ ಸತತ ಮೂರು ನೆಗೆಟಿವ್ ಬರುವವರೆಗೆ, ನಂತರ ಮೂರು ವರ್ಷಕ್ಕೊಮ್ಮೆ ಕನಿಷ್ಠ 25 ವರ್ಷ, ಇದು ಅಮೆರಿಕದ ಲೆಕ್ಕ. ಅಷ್ಟು ಆಗದವರು ಆರು ತಿಂಗಳದ್ದನ್ನು ಮಾತ್ರ ಬಿಡಬೇಡಿ, ಮುಂದಿನದ್ದನ್ನು ಡಾಕ್ಟರ್ ಜೊತೆ ಕೂತು ನಿಮ್ಮ ಕೈಗೆಟುಕುವ ಹಾಗೆ ಹೊಂದಿಸಿಕೊಳ್ಳಿ.

ಯಾವ ದಾರಿ ಹಿಡಿದರೂ ಹೋಗುವ ದಿನ ಮುಟ್ಟಿನ ದಿನ ಆಗದಿರಲಿ, ಅದರ ಹಿಂದಿನ ಎರಡು ದಿನ ಸಂಪರ್ಕ ಬೇಡ, ಒಳಗೆ ಇಡುವ ಮಾತ್ರೆ, ಕ್ರೀಮು ಬೇಡ, ಒಳಗೆ ತೊಳೆಯುವುದೂ ಬೇಡ. ಹಳೆಯ ರಿಪೋರ್ಟ್‌ಗಳನ್ನೆಲ್ಲ ಒಯ್ಯಿರಿ. ಇತ್ತೀಚಿನ ವರ್ಷಗಳಲ್ಲಿ ಎಚ್‌ಪಿವಿ ನೆಗೆಟಿವ್ ಬಂದಿದ್ದರೆ, ಈಗಿನ ಆಸ್ಕಸ್‌ಗೆ ಕಾಲ್ಪೋಸ್ಕೋಪಿ ಬದಲು ಒಂದು ವರ್ಷ ಕಾಯಬಹುದು ಎಂದು ಡಾಕ್ಟರ್ ಹೇಳುವ ಸಾಧ್ಯತೆ ಇದೆ, ಆ ಒಂದು ಹಾಳೆ ನಿಮಗೆ ಒಂದು ಬಯಾಪ್ಸಿ ಉಳಿಸಬಹುದು. ಸರ್ಕಾರಿ ಆಸ್ಪತ್ರೆಗೆ ಹೋಗುವವರು ಆಧಾರ್, ರೇಷನ್ ಕಾರ್ಡ್ ಜೊತೆಗಿಟ್ಟುಕೊಳ್ಳಿ. ಬಯಾಪ್ಸಿ ಮಾಡಿಸಿದರೆ ರಿಪೋರ್ಟ್ ಯಾವತ್ತು ಬರುತ್ತದೆ, ಯಾರ ಹತ್ತಿರ ತೋರಿಸಬೇಕು ಎಂಬುದನ್ನು ಚೀಟಿಯಲ್ಲಿ ಬರೆಸಿಕೊಂಡೇ ಅಲ್ಲಿಂದ ಹೊರಡಿ.